ಒಂದೇ ಚಕ್ರಕ್ಕೆ ಎರಡು ಸಲ ರಿಮ್ ಟೇಪ್ ಸುತ್ತಿದ್ದು

ರಾತ್ರಿ ಮಲಗುವ ಮುಂಚೆ ಸೈಕಲ್ಲಿನ ಎರಡೂ ಚಕ್ರಕ್ಕೆ 40 ಪಿಎಸ್‌ಐ ಗಾಳಿ ಹೊಡೆದಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಮುಂದಿನದರಲ್ಲಿ 36, ಹಿಂದಿನದರಲ್ಲಿ 15. ಹೆಬ್ಬೆರಳಲ್ಲಿ ಒತ್ತಿದರೆ ಟಯರು ಇಡ್ಲಿ ಹಾಗೆ ಒಳಗೆ ಹೋಗುತ್ತಿತ್ತು. ಮುಳ್ಳು ಚುಚ್ಚಿರಬೇಕು ಅಂತ ಇಂಚಿಂಚೂ ಹುಡುಕಿದೆ, ಸಿಗಲಿಲ್ಲ. ವಾಲ್ವಿನ ನಟ್ಟು ಬಿಗಿ ಮಾಡಿದೆ. ಟ್ಯೂಬಿಲ್ಲದ ಟಯರು ಇದು, ಸಣ್ಣ ತೂತು ಮುಚ್ಚಲು ಒಳಗೆ ಸುರಿಯುವ ಹಾಲಿನಂಥ ಸೀಲೆಂಟ್ ಇನ್ನೊಂದಿಷ್ಟು ಸುರಿದೆ. ಮೂರು ದಿನ ಸರಿ ಇತ್ತು, ನಾಲ್ಕನೇ ದಿನ ಮತ್ತೆ ಅದೇ ರಾಗ. ಕೊನೆಗೆ ಒಂದು ದಿನ ಸೈಕಲ್ ಒರೆಸುವಾಗ ಕಣ್ಣಿಗೆ ಬಿತ್ತು. ಹಿಂದಿನ ಚಕ್ರದ ಒಂದು ಕಡ್ಡಿ ರಿಮ್ಮಿಗೆ ಸೇರುವ ಜಾಗದಲ್ಲಿ, ಕಡ್ಡಿಯನ್ನು ಬಿಗಿ ಹಿಡಿಯುವ ನಿಪ್ಪಲ್ ಅನ್ನುವ ಪುಟ್ಟ ನಟ್ಟಿನ ಸುತ್ತ, ಬಿಳಿ ಹಾಲು ಹನಿಯಾಗಿ ಒಣಗಿ ನಿಂತಿತ್ತು.

ಆ ಹನಿ ಅಲ್ಲಿಗೆ ಬರಲು ಇರುವುದು ಒಂದೇ ದಾರಿ. ಸೀಲೆಂಟು ರಿಮ್ ಟೇಪಿನ, ಅಂದರೆ ರಿಮ್ಮಿನ ಒಳಮೈಯ ಕಡ್ಡಿ ತೂತುಗಳನ್ನು ಮುಚ್ಚುವ ಪಟ್ಟಿಯ, ಅಡಿಗೆ ನುಗ್ಗಿ, ಕಡ್ಡಿ ತೂತಿನೊಳಗೆ ಇಳಿದು, ರಿಮ್ಮಿನ ಟೊಳ್ಳಿನಲ್ಲಿ ಓಡಾಡಿ, ನಿಪ್ಪಲ್ಲಿನ ಸಂದಿಯಿಂದ ಹೊರಗೆ ಬಂದಿದೆ. ಹಾಲು ಬಂದ ದಾರಿಯಲ್ಲಿ ಗಾಳಿ ಅದಕ್ಕಿಂತ ಸಲೀಸಾಗಿ ಹೋಗುತ್ತದೆ. ನಾನು ಎರಡು ವಾರ ಟಯರಿನ ಮೇಲೆ ಅನುಮಾನ ಪಟ್ಟಿದ್ದೆ. ತಪ್ಪು ಟೇಪಿನದು.

ಸೈಕಲ್ಲಿನ ವಿವರ ಹೇಳಿಬಿಡುತ್ತೇನೆ. ಕಚ್ಚಾ ರಸ್ತೆಗೂ ಡಾಂಬರಿಗೂ ಆಗುವ ಗ್ರಾವೆಲ್ ಸೈಕಲ್. ಟಯರಿನ ಮೇಲೆ 40-622 ಅಂತ ಬರೆದಿದೆ. ಅಂದರೆ ಟಯರಿನ ಅಗಲ 40 ಮಿ.ಮೀ., ಅದು ಕೂರುವ ರಿಮ್ಮಿನ ವ್ಯಾಸ 622 ಮಿ.ಮೀ. ಅಲ್ಯೂಮಿನಿಯಂ ರಿಮ್ಮು, 28 ಕಡ್ಡಿ. ಒಳಗಿನ ಅಗಲ, ಅಂದರೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, 24 ಮಿ.ಮೀ. ಕೊಳ್ಳುವಾಗಲೇ ಅಂಗಡಿಯವರು ಟ್ಯೂಬ್‌ಲೆಸ್ ಮಾಡಿ ಕೊಟ್ಟಿದ್ದರು. ಒಳಗೆ ಏನು ಹಾಕಿದ್ದಾರೆ ಅಂತ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಟ್ಯೂಬ್‌ಲೆಸ್ ಯಾಕೆ ಬೇಕು ಅಂದರೆ ಒಂದೇ ಉತ್ತರ, ನೆಗ್ಗಿಲ ಮುಳ್ಳು. ಬೆಂಗಳೂರಿನ ಮಾಗಡಿ ರಸ್ತೆ ಬಿಟ್ಟು ಮಂಚನಬೆಲೆ ಕಡೆ ಮಣ್ಣಿನ ದಾರಿಗೆ ಇಳಿದರೆ ಬದಿಯಲ್ಲೆಲ್ಲ ನೆಲಕ್ಕೆ ಅಂಟಿಕೊಂಡ ಹಳದಿ ಹೂವಿನ ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಟ್ಯೂಬ್ ಇದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಮೂರು ಪಂಚರ್ ಹಾಕಿಕೊಂಡಿದ್ದೇನೆ. ಅದಾದ ಮೇಲೆ ಟ್ಯೂಬಿನ ಆಸೆ ಬಿಟ್ಟೆ.

ಈ ಟೇಪು ಯಾಕೆ ಬಂತು ಅನ್ನುವುದಕ್ಕೆ ಸಣ್ಣ ಹಿನ್ನೆಲೆ ಇದೆ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ ಯುಎಸ್‌ಟಿ ಅನ್ನುವ ಟ್ಯೂಬ್‌ಲೆಸ್ ಪದ್ಧತಿ ತಂದಾಗ ಅವರ ರಿಮ್ಮಿನ ಒಳಮೈಯಲ್ಲಿ ಕಡ್ಡಿಗೆ ತೂತೇ ಇರಲಿಲ್ಲ. ವಾಲ್ವಿಗೆ ಒಂದು ತೂತು, ಅಷ್ಟೆ. ಟೇಪಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಆದರೆ ಅಂಥ ರಿಮ್ ಮಾಡುವುದು ಕಷ್ಟ, ತೂಕವೂ ಜಾಸ್ತಿ. ಆಮೇಲೆ ಅಮೆರಿಕದ ಸ್ಟ್ಯಾನ್ಸ್ ನೋಟ್ಯೂಬ್ಸ್‌ನವರು ಮಾಮೂಲಿ ತೂತಿನ ರಿಮ್ಮಿಗೇ ಹಳದಿ ಟೇಪು ಸುತ್ತಿ, ಒಳಗೆ ಸೀಲೆಂಟ್ ಸುರಿಯುವ ದಾರಿಯನ್ನು ಎಲ್ಲ ಕಡೆ ಹಬ್ಬಿಸಿದರು. ಈಗ ಹೆಚ್ಚಿನವರ ಮನೆಯಲ್ಲಿರುವುದು ಆ ಎರಡನೇ ಬಗೆ. ಅದಕ್ಕೇ ನನ್ನ ಲೆಕ್ಕದಲ್ಲಿ ಟ್ಯೂಬ್‌ಲೆಸ್ ಅನ್ನುವ ಹೆಸರೇ ಅರ್ಧ ಸುಳ್ಳು. ಟ್ಯೂಬಿನ ಅರ್ಧ ಕೆಲಸ ಟಯರಿಗೆ ಹೋಯಿತು, ಉಳಿದರ್ಧ ಟೇಪಿನ ತಲೆಗೆ ಬಂತು. ನಾವು ಟಯರಿಗೆ ಸಾವಿರಗಟ್ಟಲೆ ಸುರಿದು, ಟೇಪಿನ ವಿಷಯದಲ್ಲಿ ಯಾವುದಾದರೇನು ಅನ್ನುತ್ತೇವೆ.

ಶನಿವಾರ ಬೆಳಿಗ್ಗೆ ಬಿಚ್ಚಿದೆ. ಟಯರಿನ ಅಂಚು ರಿಮ್ಮಿನಿಂದ ಬಿಡಿಸಿದ ಕೂಡಲೇ ಅಮೋನಿಯ ವಾಸನೆ ಮನೆ ತುಂಬಾ ಹರಡಿತು. ಸುಳ್ಯದಿಂದ ಬಂದಿದ್ದ ಮಾವ ಒಳಗೆ ಪೇಪರ್ ಓದುತ್ತಿದ್ದವರು ಎದ್ದು ಬಾಲ್ಕನಿಗೆ ಬಂದರು.

"ಇದು ನಮ್ಮ ರಬ್ಬರ್ ಹಾಲಿನ ವಾಸನೆ ಅಲ್ವಾ ಮಾರಾಯ?"

ಹೌದು, ಅದೇ. ಬಹಳಷ್ಟು ಸೀಲೆಂಟುಗಳ ಮೂಲ ವಸ್ತು ರಬ್ಬರ್ ಮರದ ಹಾಲು. ಡಬ್ಬಿಯಲ್ಲಿ ಹೆಪ್ಪುಗಟ್ಟದ ಹಾಗೆ ಅಮೋನಿಯ ಸೇರಿಸುತ್ತಾರೆ. ತೋಟದಲ್ಲೂ ಹಾಲನ್ನು ಹಾಲಾಗಿಯೇ ಮಾರುವುದಾದರೆ ಅದಕ್ಕೆ ಅಮೋನಿಯ ಹಾಕುತ್ತಾರೆ, ಶೀಟು ಮಾಡುವುದಾದರೆ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಮಾವ ಟಯರಿನೊಳಗೆ ಕೈ ಹಾಕಿ ಒಣಗಿದ ಪೊರೆಯನ್ನು ಎಳೆದರು. ಹಾಲಿನ ಕೆನೆ ಹಾಗೆ ಉದ್ದಕ್ಕೆ ಎದ್ದು ಬಂತು. "ಇಷ್ಟು ಹಾಲಿಗೆ ನೀನು ಎಷ್ಟು ಕೊಟ್ಟೆ?" ಅಂದರು. ಹೇಳಿದೆ. ಆಮೇಲೆ ಅರ್ಧ ಗಂಟೆ ಅವರು ನನ್ನ ಹತ್ತಿರ ಮಾತಾಡಲಿಲ್ಲ.

ರಿಮ್ಮಿನೊಳಗೆ ಇದ್ದದ್ದು ನೀಲಿ ಟೇಪು. ಸ್ಕೇಲಿಟ್ಟು ಅಳೆದೆ. 25 ಮಿ.ಮೀ. ರಿಮ್ಮಿನ ಒಳ ಅಗಲ 24, ಟೇಪು 25. ಕೇಳುವುದಕ್ಕೆ ಸರಿಯಾಗಿದೆ. ಆದರೆ ಒಂದು ಬದಿಯಲ್ಲಿ ಟೇಪಿನ ಅಂಚು ಉದ್ದಕ್ಕೂ ಎದ್ದಿತ್ತು. ಅಡಿಯಲ್ಲಿ ಬಿಳಿ ಸೀಲೆಂಟು ಇನ್ನೂ ಹಸಿಯಾಗೇ ಇತ್ತು.

ಇಲ್ಲೇ ಬಹಳ ಜನ ಎಡವುವುದು. ರಿಮ್ಮಿನ ಒಳಮೈ ಚಪ್ಪಟೆ ಇಲ್ಲ. ನಡುವೆ ಒಂದು ಕಾಲುವೆ, ಅದರ ಎರಡು ದಡದಲ್ಲಿ ಟಯರಿನ ಅಂಚು ಕೂರುವ ಕಟ್ಟೆ. ಟೇಪು ಕಟ್ಟೆಯಿಂದ ಇಳಿದು ಕಾಲುವೆಯ ತಳ ಮುಟ್ಟಿ ಮತ್ತೆ ಆಚೆ ಕಟ್ಟೆಗೆ ಹತ್ತಬೇಕು. ನೇರವಾಗಿ ಅಳೆದರೆ 24 ಇರಬಹುದು, ಹತ್ತಿ ಇಳಿದು ಅಳೆದರೆ ಅದಕ್ಕಿಂತ ಜಾಸ್ತಿ. ಟೇಪಿನ ಅಂಚು ಟಯರಿನ ಅಂಚಿನ ಅಡಿಗೆ ಸಿಕ್ಕಿಬೀಳಬೇಕು. ಆಗ ಗಾಳಿಯೇ ಟಯರನ್ನು ಒತ್ತಿ, ಟಯರು ಟೇಪನ್ನು ಒತ್ತಿ ಹಿಡಿಯುತ್ತದೆ. ಟೇಪು ಕಟ್ಟೆಯ ಮೇಲೆ ಅರ್ಧಕ್ಕೇ ನಿಂತರೆ ಅದನ್ನು ಹಿಡಿದಿಡುವುದು ಗೋಂದು ಮಾತ್ರ. ಟಯರು ಹಾಕಿ ತೆಗೆಯುವಾಗ ಅಂಚು ಒಮ್ಮೆ ಉಜ್ಜಿದರೂ ಮುಗಿಯಿತು.

ಅಳೆಯಲು ಸುಲಭದ ದಾರಿ ಇದೆ. ಕಾಗದದ ಸಣ್ಣ ಪಟ್ಟಿ ಕತ್ತರಿಸಿ. ರಿಮ್ಮಿನೊಳಗೆ ಅಡ್ಡಲಾಗಿ ಇಟ್ಟು, ಒಂದು ಗೋಡೆಯ ಬುಡದಿಂದ ಶುರು ಮಾಡಿ ಕಾಲುವೆಯ ಮೈಗೆ ಬೆರಳಲ್ಲಿ ಒತ್ತುತ್ತಾ ಇನ್ನೊಂದು ಗೋಡೆಯ ಬುಡದವರೆಗೆ ಹೋಗಿ. ಅಲ್ಲಿ ಪೆನ್ನಿನಲ್ಲಿ ಗೆರೆ ಹಾಕಿ. ಬಿಡಿಸಿ ಅಳೆಯಿರಿ. ನನಗೆ 28 ಬಂತು. ಟೇಪುಗಳು ಸಾಮಾನ್ಯವಾಗಿ 21, 25, 27, 30 ಹೀಗೆ ಸಿಗುತ್ತವೆ. 30 ತಗೊಂಡರೆ ಎರಡೂ ಬದಿಗೆ ಒಂದೊಂದು ಮಿ.ಮೀ. ಗೋಡೆ ಹತ್ತುತ್ತದೆ. ಅದೂ ತೊಂದರೆಯೇ. ಗೋಡೆ ಹತ್ತಿದ ಟೇಪನ್ನು ಟಯರು ಹಾಕುವಾಗ ಅಂಚು ಸುರುಳಿ ಮಾಡುತ್ತದೆ, ಆ ಮಡಿಕೆಯಲ್ಲಿ ಗಾಳಿ ಸೋರುತ್ತದೆ. ಬ್ಲೇಡಿನಲ್ಲಿ ಕತ್ತರಿಸಬಹುದು, ಆದರೆ ರಿಮ್ಮಿಗೆ ಗೀರು ಬೀಳುತ್ತದೆ. ಕಾರ್ಬನ್ ರಿಮ್ಮಾದರೆ ಬ್ಲೇಡು ಹತ್ತಿರವೂ ತರಬೇಡಿ. 27 ತಗೊಂಡರೆ ಎರಡೂ ಬದಿಗೆ ಅರ್ಧ ಅರ್ಧ ಮಿ.ಮೀ. ಖಾಲಿ ಉಳಿಯುತ್ತದೆ. ಅದು ಟಯರಿನ ಅಂಚಿನ ಅಡಿಯಲ್ಲೇ ಮುಚ್ಚಿಹೋಗುತ್ತದೆ. 27 ಅಂತ ಗಟ್ಟಿ ಮಾಡಿದೆ. ರಿಮ್ಮಿನ ಒಳ ಅಗಲಕ್ಕೆ ಎರಡರಿಂದ ಐದು ಮಿ.ಮೀ. ಸೇರಿಸಿ ಅನ್ನುವ ಲೆಕ್ಕ ಎಲ್ಲರೂ ಹೇಳುತ್ತಾರೆ. ಎರಡೋ ಐದೋ ಅನ್ನುವುದು ನಿಮ್ಮ ಕಾಲುವೆಯ ಆಳದ ಮೇಲೆ. ಕಾಗದದ ಪಟ್ಟಿಗೆ ಆ ಗೊಂದಲ ಇಲ್ಲ.

ಇನ್ನು ಯಾವ ಟೇಪು? ಟೇಪು ಮುಚ್ಚಬೇಕಾದ ಕಡ್ಡಿ ತೂತು 8.5 ಮಿ.ಮೀ. ವ್ಯಾಸ. ಅಂದರೆ ಒಂದು ತೂತಿನ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. 40 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 2.8 ಕಿಲೋ. ಗುಣಿಸಿದರೆ ಒಂದೊಂದು ತೂತಿನ ಮೇಲೂ ಹತ್ತಿರ ಹತ್ತಿರ 1.6 ಕಿಲೋ ಭಾರ. ಒಂದೂವರೆ ಕಿಲೋ ಅಕ್ಕಿಯ ಪೊಟ್ಟಣವೊಂದನ್ನು ನಿಮ್ಮ ಕಿರುಬೆರಳಿನ ತುದಿಯಷ್ಟು ಜಾಗದಲ್ಲಿ, ಹಗಲೂ ರಾತ್ರಿ, ತಿಂಗಳುಗಟ್ಟಲೆ ನಿಲ್ಲಿಸಿದ ಹಾಗೆ. ಅಂಥವು 28. ರೋಡ್ ಸೈಕಲ್ಲಿನವರು 70 ಪಿಎಸ್‌ಐ ಹಾಕಿದರೆ ತೂತಿಗೆ 2.8 ಕಿಲೋ ಆಗುತ್ತದೆ. ಹಿಗ್ಗುವ ಟೇಪು ಹಾಕಿದರೆ ತೂತಿನೊಳಗೆ ಬಟ್ಟಲಿನ ಹಾಗೆ ತಗ್ಗುತ್ತಾ ಹೋಗಿ ಒಂದು ದಿನ ಹರಿಯುತ್ತದೆ. ಹಳೇ ಸೈಕಲ್ಲಿನ ರಬ್ಬರ್ ಪಟ್ಟಿಯಾಗಲಿ, ಕರೆಂಟಿನ ಕೆಲಸದ ಇನ್ಸುಲೇಷನ್ ಟೇಪಾಗಲಿ ಇಲ್ಲಿ ನಡೆಯದಿರುವುದು ಅದಕ್ಕೇ. ಬಟ್ಟೆಯ ಡಕ್ಟ್ ಟೇಪು ಗಟ್ಟಿಯೇನೋ ಹೌದು, ಆದರೆ ಅಂಚಿನಿಂದ ಸೀಲೆಂಟು ಹೀರಿಕೊಳ್ಳುತ್ತದೆ. ತೆಗೆಯುವಾಗ ಗೋಂದೆಲ್ಲ ರಿಮ್ಮಿಗೇ ಬಿಟ್ಟು ಬರುತ್ತದೆ. ಅದನ್ನು ಕೆರೆದ ಅನುಭವ ಇದೆ, ಮತ್ತೆ ಬೇಡ.

ಸರಿಯಾದ ಟೇಪು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು, ತಯಾರಿಸುವಾಗಲೇ ಉದ್ದಕ್ಕೆ ಎಳೆದು ಬಿಗಿ ಮಾಡಿದ್ದು. ಅಸಲಿಗೆ ಇದು ಸೈಕಲ್ಲಿಗೆ ಹುಟ್ಟಿದ ವಸ್ತುವಲ್ಲ. ಕಾರ್ಖಾನೆಗಳಲ್ಲಿ ಪೈಪು, ಲೋಹದ ಸುರುಳಿಗಳನ್ನು ಕಟ್ಟಿಡುವ ಸ್ಟ್ರಾಪಿಂಗ್ ಟೇಪು. ಟೆಸಾ ಕಂಪನಿಯ 4289 ಅನ್ನುವ ಹಳದಿ ಟೇಪು ಈ ಜಾತಿಯದು, ಚಕ್ರ ಕಟ್ಟುವವರಲ್ಲಿ ಬಹಳ ಹೆಸರುವಾಸಿ. ದಪ್ಪ 0.14 ಮಿ.ಮೀ. ಆಸುಪಾಸು. ಎಳೆದರೆ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ.

ಹಳದಿ ಟೇಪು ಅಂತ ನೆನಪಿಟ್ಟುಕೊಂಡು ನಾನು ಎಸ್‌ಪಿ ರೋಡಿಗೆ ಹೋದೆ. ಅದೇ ತಪ್ಪು. ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಹಳದಿ ಟೇಪು ಅಂದರೆ ಬೇರೆಯೇ. ಮೊದಲ ಅಂಗಡಿಯಲ್ಲಿ ಜೇನಿನ ಬಣ್ಣದ ಕಾಪ್ಟನ್ ಟೇಪು ಕೊಟ್ಟರು. ಬೆಸುಗೆಯ ಬಿಸಿ ತಡೆಯಲು ಬಳಸುವುದು. ಎರಡನೇ ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಹಳದಿ ಮೈಲಾರ್ ಟೇಪು. ನೋಡಲು ಥೇಟ್ ಅದೇ. ಸುಮ್ನೆ ಇರಲಿ ಅಂತ ಒಂದು ಸುರುಳಿ ತಂದೆ. ಮನೆಯಲ್ಲಿ ರಿಮ್ಮಿನ ಒಂದು ತೂತಿಗೆ ಅಂಟಿಸಿ ಪೆನ್ನಿನ ಹಿಂಬದಿಯಲ್ಲಿ ಒತ್ತಿದೆ. ಒಂದು ಪದರ, ಪಟ್ ಅಂತ ಹೋಯಿತು. ಎರಡು ಪದರ ಹಾಕಿದೆ, ಅದೂ ತಗ್ಗಿತು. ಅದು ವಿದ್ಯುತ್ ತಡೆಯಲು ಹುಟ್ಟಿದ್ದು, ಭಾರ ಹೊರಲು ಅಲ್ಲ. ಆದರೆ ಎಸ್‌ಪಿ ರೋಡಿಗೆ ಹೋದದ್ದು ಪೂರ್ತಿ ದಂಡ ಆಗಲಿಲ್ಲ. ಅಲ್ಲೇ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅರ್ಧ ಲೀಟರ್ ಸಿಕ್ಕಿತು. ಐಪಿಎ ಅಂದರೆ ಸಾಕು, ಕೊಡುತ್ತಾರೆ. ಅದನ್ನು ಮನೆಗೆ ತಂದು ಕಪಾಟಿನಲ್ಲಿಟ್ಟು ಮರೆತದ್ದು ಮುಂದಿನ ಕಥೆ.

ಟೇಪನ್ನು ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. 27 ಮಿ.ಮೀ. ಅಗಲ, 10 ಮೀಟರ್ ಉದ್ದ. ಎಷ್ಟು ಬೇಕು ಅನ್ನುವ ಲೆಕ್ಕ ಇಷ್ಟೇ: ಕಾಲುವೆಯ ತಳದಲ್ಲಿ ರಿಮ್ಮಿನ ವ್ಯಾಸ 612 ಮಿ.ಮೀ. ಹತ್ತಿರ. ಒಂದು ಸುತ್ತಿಗೆ 1 ಮೀಟರ್ 92 ಸೆಂಟಿಮೀಟರ್. ಎರಡು ಸುತ್ತು, ಕೊನೆಯಲ್ಲಿ ಒಂದರ ಮೇಲೊಂದು ಬರುವುದಕ್ಕೆ ಒಂದು ಗೇಣು, ಒಟ್ಟು 4 ಮೀಟರ್. ಎರಡು ಚಕ್ರಕ್ಕೆ 8. ಎರಡು ಮೀಟರ್ ಉಳಿಯುತ್ತದೆ ಅಂತ ಖುಷಿಪಟ್ಟೆ.

ಟೇಪು ಬರುವ ಮುಂಚೆ ಇನ್ನೊಂದು ಕೆಲಸ ಇತ್ತು. ಚಕ್ರದ ಬೆಂಡು. ಟೇಪು ಸುತ್ತಿದ ಮೇಲೆ ನಿಪ್ಪಲ್ಲಿನ ತಲೆ ಮುಚ್ಚಿಹೋಗುತ್ತದೆ. ಆಮೇಲೆ ಒಂದು ನಿಪ್ಪಲ್ ಬದಲಿಸಬೇಕಾದರೂ ಟಯರು, ಸೀಲೆಂಟು, ಟೇಪು ಎಲ್ಲ ಬಿಚ್ಚಬೇಕು. ಆದ್ದರಿಂದ ಬೆಂಡು ಮೊದಲು, ಟೇಪು ಆಮೇಲೆ. ಹಾಲು ಸೋರಿದ ಜಾಗದ ಎರಡು ನಿಪ್ಪಲ್ಲುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಅವು ಅಲ್ಯೂಮಿನಿಯಂ ನಿಪ್ಪಲ್ಲುಗಳು. ಸೀಲೆಂಟಿನ ಅಮೋನಿಯ ಅಲ್ಯೂಮಿನಿಯಂ ತಿನ್ನುತ್ತದೆ. ಒಂದಕ್ಕೆ ಕೀ ಹಾಕಿ ಕಾಲು ಸುತ್ತು ತಿರುಗಿಸಿದೆ ಅಷ್ಟೆ, ತಲೆ ಕಿತ್ತು ಕೈಗೇ ಬಂತು.

ನಮ್ಮ ಬೀದಿಯ ಕೊನೆಯಲ್ಲಿ ಹಳೇ ಸೈಕಲ್ ಅಂಗಡಿ ಇದೆ. ಅಲ್ಲಿನ ಅಣ್ಣ ನಲವತ್ತು ವರ್ಷದಿಂದ ಬೆಂಡು ತೆಗೆಯುತ್ತಿದ್ದಾರೆ. ಚಕ್ರ ಕೊಟ್ಟೆ. ತಿರುಗಿಸಿ ನೋಡಿದರು. "ಟ್ಯೂಬ್ ಎಲ್ಲಿ ಸಾರ್?" ಅಂದರು.

"ಇಲ್ಲ ಅಣ್ಣ, ಟ್ಯೂಬ್‌ಲೆಸ್."

"ಸ್ಕೂಟರಿಗೆ ಮಾಡಿದ್ದಾರೆ ಅಂತ ಸೈಕಲ್ಲಿಗೂನಾ? ಟ್ಯೂಬ್ ಹಾಕಿಸಿ ನೆಮ್ಮದಿಯಾಗಿರಿ ಸಾರ್."

ಅಂದರೂ ಎರಡು ಹಿತ್ತಾಳೆ ನಿಪ್ಪಲ್ ಹುಡುಕಿ ಹಾಕಿ, ಹತ್ತೇ ನಿಮಿಷದಲ್ಲಿ ಚಕ್ರ ನೇರ ಮಾಡಿ ಕೊಟ್ಟರು. ಹಿತ್ತಾಳೆ ತೂಕ ಸ್ವಲ್ಪ ಜಾಸ್ತಿ, ಆದರೆ ಸೀಲೆಂಟಿಗೆ ಅಲ್ಯೂಮಿನಿಯಂನಷ್ಟು ಬೇಗ ಸೋಲುವುದಿಲ್ಲ.

ಹಳೇ ಟೇಪಿನ ಗೋಂದು ತೆಗೆಯಲು ನೀಲಗಿರಿ ಎಣ್ಣೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಟ್ಟೆಗೆ ನಾಲ್ಕು ಹನಿ ಹಾಕಿ ಉಜ್ಜಿ, ಎರಡು ನಿಮಿಷ ಬಿಟ್ಟು ಮತ್ತೆ ಉಜ್ಜಿದರೆ ಗೋಂದು ಉಂಡೆಯಾಗಿ ಬರುತ್ತದೆ. ಮನೆಯವರಿಗೆ ಯಾರಿಗೋ ನೆಗಡಿ ಅನ್ನಿಸುತ್ತದೆ, ಇರಲಿ. ಆದರೆ ಎಣ್ಣೆ ಎಣ್ಣೆಯೇ. ಅದನ್ನು ಪೂರ್ತಿ ತೆಗೆಯಬೇಕು. ಸೋಪು ನೀರಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟೆ. ತೂತುಗಳ ಅಂಚಿಗೆ ಬೆರಳಾಡಿಸಿದೆ. ಎರಡು ಕಡೆ ಚೂಪಾದ ಸಿಬಿರು ಸಿಕ್ಕಿತು. 400 ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿ ಮಟ್ಟ ಮಾಡಿದೆ. ಅಂಥ ಒಂದು ಸಿಬಿರು ಟೇಪನ್ನು ಕೆಳಗಿನಿಂದ ಕೊಯ್ಯಲು ಸಾಕು.

ಕೊನೆಯ ಒರೆಸುವಿಕೆಗೆ ಆಲ್ಕೊಹಾಲ್ ಬೇಕು. ಐಪಿಎ ಬಾಟಲು ಕಪಾಟಿನಲ್ಲಿತ್ತು. ಟೇಬಲ್ಲಿನ ಮೇಲೆ ಕೈಗೆ ಹಾಕುವ ಸ್ಯಾನಿಟೈಸರ್ ಇತ್ತು. ಅದರಲ್ಲೂ ಆಲ್ಕೊಹಾಲೇ ಅಲ್ವಾ? ಅದರಲ್ಲೇ ಒರೆಸಿದೆ. ಎರಡೂ ಚಕ್ರಕ್ಕಲ್ಲ, ಪುಣ್ಯಕ್ಕೆ ಹಿಂದಿನದಕ್ಕೆ ಮಾತ್ರ. ಮುಂದಿನ ಚಕ್ರದ ಹೊತ್ತಿಗೆ ಸ್ಯಾನಿಟೈಸರ್ ಖಾಲಿಯಾಗಿ, ಎದ್ದು ಹೋಗಿ ಐಪಿಎ ತಂದಿದ್ದೆ.

ಸುತ್ತುವ ವಿಧಾನ ಹೇಳುತ್ತೇನೆ. ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು ಕೂತೆ. ವಾಲ್ವಿನ ತೂತಿಗಿಂತ ಎರಡು ಕಡ್ಡಿ ತೂತು ಹಿಂದೆ ಶುರು ಮಾಡಿದೆ. ವಾಲ್ವಿನ ಎದುರು ಬದಿಯಿಂದ ಶುರು ಮಾಡುವವರೂ ಇದ್ದಾರೆ. ನನಗೆ ವಾಲ್ವಿನ ಹತ್ತಿರವೇ ಇಷ್ಟ. ಶುರುವೂ ಕೊನೆಯೂ ಅಲ್ಲೇ ಒಂದರ ಮೇಲೊಂದು ಬಂದು ವಾಲ್ವಿನ ಜಾಗಕ್ಕೆ ಒಂದು ಪದರ ಹೆಚ್ಚು ಸಿಗುತ್ತದೆ. ಮೊದಲ ಒಂದು ಗೇಣು ಗಟ್ಟಿಯಾಗಿ ಉಜ್ಜಿ ಅಂಟಿಸಿ. ಆಮೇಲೆ ಸುರುಳಿಯನ್ನು ಜೋರಾಗಿ ಎಳೆಯುತ್ತಾ, ಇನ್ನೊಂದು ಹೆಬ್ಬೆರಳಲ್ಲಿ ನಡುಭಾಗವನ್ನು ಕಾಲುವೆಗೆ ಒತ್ತುತ್ತಾ, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಜೋರು ಅಂದರೆ ನಿಜಕ್ಕೂ ಜೋರು. ಮುಂಗೈ ನೋಯಬೇಕು. ಸಡಿಲವಾಗಿ ಸುತ್ತಿದ ಟೇಪು ಕಾಲುವೆಯ ತಳಕ್ಕೆ ಕೂರುವುದಿಲ್ಲ, ಅಡಿಯಲ್ಲಿ ಗಾಳಿಯ ಸುರಂಗ ಉಳಿಯುತ್ತದೆ. ಎಳೆಯುವಾಗ ಒಂದು ಬದಿಗೆ ಜಾರಿದರೆ ಅಲ್ಲೇ ನಿಲ್ಲಿಸಿ, ಅರ್ಧ ಸುತ್ತು ಬಿಚ್ಚಿ ಮತ್ತೆ ಹಾಕಿ. ಮುಂದೆ ಸರಿ ಮಾಡಿಕೊಳ್ಳೋಣ ಅಂದರೆ ಮುಂದೆ ಇನ್ನೂ ಜಾರುತ್ತದೆ.

ಎರಡು ಸುತ್ತು ಮುಗಿದ ಮೇಲೆ ಬನಿಯನ್ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಉಜ್ಜಿದೆ. ಗಾಳಿಗುಳ್ಳೆಗಳು ಅಂಚಿಗೆ ಓಡುತ್ತವೆ. ಆಮೇಲೆ ಟಯರು ಏರಿಸಿ, ಒಳಗೆ ಮಾಮೂಲಿ ಟ್ಯೂಬ್ ಹಾಕಿ 45 ಪಿಎಸ್‌ಐ ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟೆ. ಟ್ಯೂಬು ಟೇಪನ್ನು ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ. ಕೈಯಲ್ಲಿ ಎಷ್ಟು ಉಜ್ಜಿದರೂ ಅಷ್ಟು ಬರುವುದಿಲ್ಲ. ಬಿಚ್ಚುವಾಗ ಟಯರಿನ ಒಂದು ಅಂಚು ಮಾತ್ರ ಬಿಡಿಸಿ ಟ್ಯೂಬ್ ಎಳೆದುಕೊಳ್ಳಿ. ಆಚೆ ಅಂಚು ಕೂತದ್ದು ಕೂತೇ ಇರಲಿ.

ಒಂದು ವಿಷಯ ಮರೆತೆ. ಟ್ಯೂಬಿಗೂ ವಾಲ್ವ್ ಇದೆ, ಆದ್ದರಿಂದ ವಾಲ್ವಿನ ತೂತನ್ನು ಅದಕ್ಕೂ ಮುಂಚೆಯೇ ಮಾಡಬೇಕು. ಚಾಕುವಿನಲ್ಲಿ ಅಡ್ಡ ಉದ್ದ ಕೊಯ್ದರೆ ಮೂಲೆಯಿಂದ ಹರಿಯುತ್ತಾ ಹೋಗುತ್ತದೆ. ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಬಿಸಿ ಮಾಡಿ, ರಿಮ್ಮಿನ ಹೊರಗಿನಿಂದ ಅಂದರೆ ಕಡ್ಡಿಗಳಿರುವ ಕಡೆಯಿಂದ ತೂರಿಸಿ ಟೇಪನ್ನು ಮುಟ್ಟಿಸಿದೆ. ಪ್ಲಾಸ್ಟಿಕ್ ಕರಗಿ ದುಂಡಗಿನ ತೂತಾಯಿತು, ಅಂಚು ದಪ್ಪವಾಗಿ ಗಟ್ಟಿಯಾಯಿತು. ಬೆಸುಗೆ ಕಡ್ಡಿ ಇಲ್ಲದಿದ್ದರೆ ಗ್ಯಾಸ್ ಒಲೆಯಲ್ಲಿ ಕಾಯಿಸಿದ ಮೊಳೆ ಸಾಕು, ಇಕ್ಕಳದಲ್ಲಿ ಹಿಡಿದು. ಇದು ಅಲ್ಯೂಮಿನಿಯಂ ರಿಮ್ಮಿಗೆ ಮಾತ್ರ. ತೂತು ವಾಲ್ವಿಗಿಂತ ಚಿಕ್ಕದಿರಲಿ, ವಾಲ್ವೇ ಒತ್ತಿಕೊಂಡು ಒಳಗೆ ಹೋಗಲಿ.

ಬೆಳಿಗ್ಗೆ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿದೆ. ಅಂಚಿಗೆ ಸೋಪು ನೀರು ಸವರಿದೆ. ವಾಲ್ವಿನ ಪಿನ್ನು ಬಿಚ್ಚಿ, ನಿಂತು ಹೊಡೆಯುವ ಪಂಪಿನಲ್ಲಿ ಬಿಡದೆ ಹೊಡೆದೆ. ಪಿನ್ನು ತೆಗೆದರೆ ಗಾಳಿ ಒಮ್ಮೆಲೇ ಜಾಸ್ತಿ ನುಗ್ಗುತ್ತದೆ. ಟಪ್, ಟಪ್ ಅಂತ ಎರಡು ಸದ್ದು. ಟಯರಿನ ಅಂಚು ಕಟ್ಟೆ ಹತ್ತಿತು. ಇದು ಆಗದಿದ್ದರೆ ಪೆಟ್ರೋಲ್ ಬಂಕಿನ ಗಾಳಿ ಮಷೀನಿಗೆ ಒಯ್ಯಬಹುದು. ಸಪೂರ ವಾಲ್ವಿಗೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬೇಕು, ಜೇಬಲ್ಲಿರಲಿ.

ಸೀಲೆಂಟ್ ಹಾಕುವ ಮುಂಚೆ ಒಣ ಪರೀಕ್ಷೆ ಮಾಡಬೇಕು. ಇದನ್ನು ಬಿಡಬೇಡಿ. ಸೀಲೆಂಟ್ ಟೇಪಿನ ತಪ್ಪನ್ನು ನಾಲ್ಕು ದಿನ ಮುಚ್ಚಿಡುತ್ತದೆ, ಐದನೇ ದಿನ ಟೇಪಿನ ಅಡಿಗೇ ಸೇರಿ ಗೋಂದನ್ನು ಬಿಡಿಸುತ್ತದೆ. ಮುಂದಿನ ಚಕ್ರ 40ರಿಂದ ಶುರು ಮಾಡಿ ಸಂಜೆಗೆ 37. ಬರೀ ಟೇಪಿನಲ್ಲಿ, ಒಣ ಟಯರಿನಲ್ಲಿ, ಅದು ಬಹಳ ಒಳ್ಳೆಯದು. ಹಿಂದಿನ ಚಕ್ರ ಒಂದು ಗಂಟೆಯಲ್ಲೇ 22.

ಸೋಪು ನೀರು ಹಾಕಿ ನೋಡಿದೆ. ವಾಲ್ವಿನ ಬುಡದಲ್ಲಿ ಗುಳ್ಳೆ. ವಾಲ್ವ್ ಸರಿ ಕೂತಿಲ್ಲ ಅಂತ ನಟ್ಟು ಬಿಗಿ ಮಾಡಿದೆ. ಗುಳ್ಳೆ ನಿಲ್ಲಲಿಲ್ಲ. ಇಕ್ಕಳ ತಗೊಂಡು ಬಿಗಿ ಮಾಡಿದೆ. ಅದು ಮಾಡಬಾರದ ಕೆಲಸ. ವಾಲ್ವಿನ ರಬ್ಬರ್ ಬುಡ ಜಜ್ಜಿಹೋಗುತ್ತದೆ, ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೆ ಬೆರಳಲ್ಲಿ ನಟ್ಟು ಬಿಚ್ಚಲು ಆಗುವುದಿಲ್ಲ. ಗುಳ್ಳೆ ಮಾತ್ರ ಹಾಗೇ ಬರುತ್ತಿತ್ತು. ಆಗ ಎಲ್ಲ ನಿಪ್ಪಲ್ಲುಗಳಿಗೂ ಸೋಪು ನೀರು ಬಿಟ್ಟೆ. ಏಳೆಂಟು ಕಡೆ ಸಣ್ಣ ನೊರೆ. ಅರ್ಥವಾಯಿತು. ರಿಮ್ಮಿನ ಒಳಗೆ ಒಂದೇ ಟೊಳ್ಳು, ಸುತ್ತಲೂ. ಟೇಪು ಎಲ್ಲೇ ಸೋರಲಿ, ಗಾಳಿ ಆ ಟೊಳ್ಳಿಗೆ ಬಂದು ಎಲ್ಲಿ ಸಲೀಸೋ ಅಲ್ಲಿಂದ ಹೊರಡುತ್ತದೆ. ಹೆಚ್ಚಾಗಿ ಅದು ವಾಲ್ವಿನ ತೂತೇ ಆಗಿರುತ್ತದೆ. ವಾಲ್ವಿನಲ್ಲಿ ಗುಳ್ಳೆ ಬಂತು ಅಂದರೆ ತಪ್ಪು ವಾಲ್ವಿನದೇ ಅಂತಲ್ಲ. ನಿಪ್ಪಲ್ಲಿನಲ್ಲೂ ಬಂದರೆ ತಪ್ಪು ರಿಮ್ಮಿನ ಒಳಮೈಯಲ್ಲೇ. ವಾಲ್ವಿನ ಬುಡವೋ ಟೇಪೋ ಅನ್ನುವುದು ಬಿಚ್ಚಿ ನೋಡಿದ ಮೇಲಷ್ಟೇ ಗೊತ್ತು.

ಬಿಚ್ಚಿದೆ. ಟೇಪಿನ ತುದಿ ಎತ್ತಿ ಎಳೆದರೆ ಬಾಳೆಹಣ್ಣಿನ ಸಿಪ್ಪೆ ಹಾಗೆ ಬಂತು, ತಡೆಯೇ ಇಲ್ಲ. ಮೊದಲ ಸುತ್ತು ರಿಮ್ಮಿಗೆ ಅಂಟಿಯೇ ಇರಲಿಲ್ಲ. ಎರಡನೇ ಸುತ್ತು ಮೊದಲನೆಯದಕ್ಕೆ ಮಾತ್ರ ಚೆನ್ನಾಗಿ ಅಂಟಿತ್ತು. ರಿಮ್ಮಿನ ಮೈ ಮುಟ್ಟಿದರೆ ನುಣುಪು ಜಿಡ್ಡು. ಸ್ಯಾನಿಟೈಸರ್ ಬಾಟಲು ತಿರುಗಿಸಿ ಓದಿದೆ: ಗ್ಲಿಸರಿನ್. ಕೈ ಒಣಗದಿರಲಿ ಅಂತ ಹಾಕುತ್ತಾರೆ. ಆಲ್ಕೊಹಾಲ್ ಹಾರಿಹೋಯಿತು, ಗ್ಲಿಸರಿನ್ ಉಳಿಯಿತು, ಅದರ ಮೇಲೆ ನಾನು ಮುಂಗೈ ನೋಯುವ ಹಾಗೆ ಟೇಪು ಎಳೆದು ಸುತ್ತಿದ್ದೆ.

ನಾಲ್ಕು ಮೀಟರ್ ಟೇಪು ಕಸಕ್ಕೆ. ಉಳಿದದ್ದು ಅಳೆದರೆ 2 ಮೀಟರ್ 10 ಸೆಂಟಿಮೀಟರ್. ಎರಡು ಸುತ್ತಿಗೆ ಆಗದು. ಇನ್ನೊಂದು ಸುರುಳಿ ತರಿಸಲೋ, ಒಂದೇ ಸುತ್ತು ಹಾಕಲೋ? ನಾನು ಹಾಕುವುದು 40 ಪಿಎಸ್‌ಐ ಮಾತ್ರ. ಈ ಟೇಪು ಅಷ್ಟನ್ನು ಒಂದು ಪದರದಲ್ಲೇ ತಡೆಯುತ್ತದೆ, ಪೆನ್ನಿನ ಪರೀಕ್ಷೆಯಲ್ಲೂ ಅಲುಗಲಿಲ್ಲ. 70 ಹಾಕುವವನಾಗಿದ್ದರೆ ಎರಡು ಸುತ್ತಿಲ್ಲದೆ ಕೂರುತ್ತಿರಲಿಲ್ಲ. ಒಂದು ಸುತ್ತು ಅಂತ ತೀರ್ಮಾನಿಸಿದೆ.

ಈ ಸಲ ಸೋಪು ನೀರು, ಆಮೇಲೆ ಐಪಿಎ. ಬಿಳಿ ಬಟ್ಟೆ ಬದಲಿಸುತ್ತಾ ಮೂರು ಸಲ ಒರೆಸಿದೆ. ಮೂರನೇ ಬಟ್ಟೆ ಬಿಳಿಯಾಗೇ ಉಳಿಯಿತು. ಹೊರಗೆ ಜುಲೈ ಮಳೆ, ಗಾಳಿಯಲ್ಲೆಲ್ಲ ತೇವ. ತಲೆಗೂದಲು ಒಣಗಿಸುವ ಡ್ರೈಯರ್ ತಂದು ರಿಮ್ಮನ್ನು ಬೆಚ್ಚಗೆ ಮಾಡಿದೆ. ಕೈ ಇಟ್ಟರೆ ಹಿತ ಅನ್ನಿಸುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಸುತ್ತುವಾಗ ಮಾವ ಚಕ್ರ ಹಿಡಿದು ತಿರುಗಿಸಿದರು. ಎರಡು ಕೈಯಲ್ಲೂ ಟೇಪು ನೋಡಿಕೊಳ್ಳಲು ಸಿಕ್ಕಿದರೆ ಕೆಲಸ ಎಷ್ಟು ಹಗುರ ಅಂತ ಆಗ ಗೊತ್ತಾಯಿತು. ಹದಿನೆಂಟು ಸೆಂಟಿಮೀಟರ್ ಒಂದರ ಮೇಲೊಂದು ಬಂತು. ಮತ್ತೆ ಟ್ಯೂಬ್, ಮತ್ತೆ ಒಂದು ರಾತ್ರಿ.

ಒಣ ಪರೀಕ್ಷೆ: 40ರಿಂದ ಸಂಜೆಗೆ 36. ನಿಪ್ಪಲ್ಲುಗಳಲ್ಲಿ ಗುಳ್ಳೆ ಇಲ್ಲ. ಟಯರಿನ ಪಕ್ಕೆಯಲ್ಲಿ ಅಲ್ಲಲ್ಲಿ ಸಾಸಿವೆಯಷ್ಟು ನೊರೆ, ಅದು ಹೊಸ ಟಯರಿನಲ್ಲೂ ಇರುತ್ತದೆ. ಸೀಲೆಂಟ್ ಇರುವುದೇ ಅದಕ್ಕೆ. ಪಿನ್ನು ಬಿಚ್ಚಿ ಒಂದೊಂದು ಚಕ್ರಕ್ಕೆ 60 ಮಿ.ಲೀ. ಸೀಲೆಂಟ್ ಹಾಕಿದೆ. ಚಕ್ರವನ್ನು ತಿರುಗಿಸಿ, ಆಮೇಲೆ ಬಕೆಟ್ಟಿನ ಮೇಲೆ ಅಡ್ಡ ಮಲಗಿಸಿ, ಪ್ರತಿ ಬದಿಗೂ ಹತ್ತು ಹತ್ತು ನಿಮಿಷ. ತೂಕದ ಲೆಕ್ಕ ಇಷ್ಟಪಡುವವರಿಗೆ: ಎರಡು ಸುತ್ತಿನ ಟೇಪು 15 ಗ್ರಾಂ ಒಳಗೇ, ಸೀಲೆಂಟು ಸುಮಾರು 60 ಗ್ರಾಂ. ಈ ಅಳತೆಯ ಮಾಮೂಲಿ ಟ್ಯೂಬು ಇವೆರಡನ್ನೂ ಸೇರಿಸಿದ್ದಕ್ಕಿಂತ ತೂಕ.

ಮೊದಲ ವಾರ ದಿನಾ ಬೆಳಿಗ್ಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದೆ. ಮುಂದಿನದು 38, 38, 39. ಹಿಂದಿನದು 37, 38, 38. ಮೂರನೇ ವಾರಕ್ಕೆ ಎರಡಕ್ಕೂ ವಾರಕ್ಕೊಮ್ಮೆ ಗಾಳಿ ಹೊಡೆದರೆ ಸಾಕಾಯಿತು. ಎರಡು ಸುತ್ತಿನ ಮುಂದಿನ ಚಕ್ರಕ್ಕೂ ಒಂದು ಸುತ್ತಿನ ಹಿಂದಿನ ಚಕ್ರಕ್ಕೂ ಈಗ ನನಗೆ ವ್ಯತ್ಯಾಸ ಕಾಣುತ್ತಿಲ್ಲ. ಎಷ್ಟು ಸುತ್ತು ಅಂತ ತಲೆ ಕೆಡಿಸಿಕೊಂಡಷ್ಟು ಒರೆಸುವ ಬಟ್ಟೆಯ ಬಗ್ಗೆ ಕೆಡಿಸಿಕೊಂಡಿದ್ದರೆ ನಾಲ್ಕು ಮೀಟರ್ ಉಳಿಯುತ್ತಿತ್ತು.

ಹೋದ ಭಾನುವಾರ ಮಂಚನಬೆಲೆ ಕಡೆ ಹೋಗಿ ಬಂದು ಟಯರು ತೊಳೆಯುವಾಗ ಹಿಂದಿನದರಲ್ಲಿ ನಾಲ್ಕು ನೆಗ್ಗಿಲ ಮುಳ್ಳು ಸಿಕ್ಕವು. ಕಿತ್ತಾಗ ಎರಡರಿಂದ ಹಾಲು ಚಿಮ್ಮಿತು, ಚಕ್ರ ಎರಡು ಸುತ್ತು ತಿರುಗಿಸಿದ ಮೇಲೆ ನಿಂತಿತು. ಗಾಳಿ ಎರಡು ಪಿಎಸ್‌ಐ ಇಳಿದಿರಬಹುದು. ನಮ್ಮ ಊರಿನ ಬಿಸಿಲಿಗೆ ಸೀಲೆಂಟು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಹಾಕಬೇಕು. ಮಾವ ಸುಳ್ಯಕ್ಕೆ ವಾಪಸ್ ಹೋಗಿದ್ದಾರೆ. ನಿನ್ನೆ ಫೋನಿನಲ್ಲಿ ಮಳೆ, ಅಡಿಕೆ ಎಲ್ಲ ಮಾತಾಡಿ ಕೊನೆಗೆ ಕೇಳಿದರು: "ಸೈಕಲ್ಲಿಗೆ ಹಾಲು ಇನ್ನೂ ಉಂಟಾ, ಇಲ್ಲಿಂದ ಕಳಿಸ್ಲಾ?"